ಗೌರಿ ಒಪ್ಪಿಕೊಂಡ ತಪ್ಪು

ಧಾರವಾಡಕ್ಕೆ ಬಂದ ಮೊದಲ ಬೆಳಿಗ್ಗೆ, ಹೆಸರೂ ಗೊತ್ತಿಲ್ಲದ ಹೆಂಗಸೊಬ್ಬರು ಬಾಗಿಲು ಬಡಿಯದೆ ನೇರವಾಗಿ ನನ್ನ ಅಡುಗೆಮನೆಗೆ ನಡೆದು ಬಂದರು. ನಾನಿನ್ನೂ ಗೋಣಿಚೀಲದಿಂದ ಪಾತ್ರೆ ತೆಗೆಯುತ್ತಿದ್ದೆ. ಅವರು ಬಿಳಿ ಬಟ್ಟೆಯ ಗಂಟೊಂದನ್ನು ಕಟ್ಟೆಯ ಮೇಲಿಟ್ಟು ಬಿಚ್ಚಿದರು. ಒಳಗೆ ತಟ್ಟೆಯಷ್ಟಗಲದ ರೊಟ್ಟಿಗಳು. ಬೆರಳಿನಿಂದ ತಟ್ಟಿದರೆ ಸದ್ದು ಬರುತ್ತಿತ್ತು.

"ಹೊಟ್ಟ್ಯಾಗ ಒಂದು, ಕಂಕುಳಾಗ ಒಂದು. ಇವತ್ತ ಒಲಿ ಮುಂದ ನಿಂದರಬ್ಯಾಡ ತಂಗಿ. ಖಡಕ್ ರೊಟ್ಟಿ ಇವು, ತಿಂಗಳ ಇಟ್ರೂ ಏನೂ ಆಗೂದಿಲ್ಲ" ಅಂದರು.

ಅವರೇ ಗಂಗವ್ವ, ಕೆಳಗಿನ ಮನೆಯಲ್ಲೇ ಇರುವ ನಮ್ಮ ಮನೆಯ ಮಾಲೀಕರು. ಆಗ ಹೊಟ್ಟೆಯಲ್ಲಿದ್ದವನು ಶಂಭು, ಕಂಕುಳಲ್ಲಿದ್ದವಳು ಮೂರು ವರ್ಷದ ಗೌರಿ. ಗುಂಡ್ಲುಪೇಟೆ ಕಡೆಯ ನಮ್ಮೂರಿನಲ್ಲಿ ಬಿಸಿ ಮುದ್ದೆ ತಟ್ಟೆಗೆ ಬಿದ್ದರೆ ಊಟ. ತಿಂಗಳು ಇಟ್ಟುಕೊಂಡು ತಿನ್ನುವ ಊಟವನ್ನು ನಾನು ಕಂಡಿರಲಿಲ್ಲ. ಒಂದು ಚೂರು ಮುರಿದು ಬಾಯಿಗಿಟ್ಟೆ, ದವಡೆ ನೋಯಿತು. ಅವರು ಹೋದ ಮೇಲೆ ಬಾಗಿಲಿಗೆ ಚಿಲಕ ಹಾಕಿಕೊಂಡು ಅತ್ತೆ.

ಯಜಮಾನರಿಗೆ ಧಾರವಾಡದ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಕೆಲಸ. ವಾರಕ್ಕೊಂದು ಪಾಳಿ. ಅವರು ಎದ್ದಾಗ ಮಕ್ಕಳು ಮಲಗಿರುತ್ತವೆ, ಮಕ್ಕಳು ಎದ್ದಾಗ ಅವರು ಮಲಗಿರುತ್ತಾರೆ. ಊರಿನಲ್ಲಿ ಕೂಸು ಅತ್ತರೆ ಎತ್ತಿಕೊಳ್ಳಲು ಆರು ಕೈಗಳಿದ್ದವು. ಇಲ್ಲಿ ಎರಡೇ. ಆ ಎರಡರಲ್ಲಿ ಒಂದು ಬೆಳಿಗ್ಗೆ ಅರ್ಧ ಗಂಟೆ ಶಿವನದು.

ಅಮ್ಮ ನನಗೆ ಕಲಿಸಿದ್ದು ಒಂದೇ ನೇಮ. ಸ್ನಾನ ಮಾಡಿ, ವಿಭೂತಿ ಧರಿಸಿ, ಕೊರಳಿನ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡುವವರೆಗೆ ಹನಿ ನೀರೂ ಕುಡಿಯಬಾರದು. ಲಿಂಗ ಕೈತಪ್ಪಿ ಕಳೆದರೆ ಸಿಗುವವರೆಗೆ ಉಪವಾಸ. ಅಮ್ಮನ ಮನೆಯಲ್ಲಿ ಪೂಜೆಗೆ ಕೂತರೆ ಹೊರಗಿನ ಕೋಳಿಯ ಸದ್ದೂ ಕೇಳುತ್ತಿರಲಿಲ್ಲ. ಇಲ್ಲಿ ನಾನು ಕೂತದ್ದೇ ತಡ, ಶಂಭು ಬೆನ್ನಿನ ಮೇಲೆ ಹತ್ತುತ್ತಾನೆ. ಗೌರಿಗೆ ಅದೇ ಹೊತ್ತಿಗೆ ಜಡೆ ಬೇಕು. ಬಾಯಲ್ಲಿ ಶಿವನಾಮ, ಕಣ್ಣಲ್ಲಿ ಕೋಪ. ಕಣ್ಣು ಕಿಸಿದೇ ಎಷ್ಟೋ ಪೂಜೆ ಮುಗಿಸಿದ್ದೇನೆ.

ಈ ನಡುವೆ ಗೌರಿಗೆ ಊರು ಒಗ್ಗಿಬಿಟ್ಟಿತು. ನನಗೆ ನಾಲಿಗೆ ಹೊರಳುವ ಮೊದಲೇ ಅವಳು ಸ್ನಾನವನ್ನು ಜಳಕ ಅಂದಳು, ರಜೆಯನ್ನು ಸೂಟಿ ಅಂದಳು, ಗಂಗವ್ವನನ್ನು ಅಜ್ಜಿ ಎನ್ನುವ ಬದಲು ಆಯಿ ಅಂದಳು. ಫೋನಿನಲ್ಲಿ ಅಮ್ಮನ ಜೊತೆ ಮಾತಾಡಿದರೆ ಅತ್ತ ಕಡೆಯಿಂದ, "ಏನಂತದೆ ಕೂಸು? ನಂಗೊಂದೂ ತಿಳೀನಿಲ್ವಲ್ಲೇ!"

ಈಗ ಹೇಳಬೇಕಾದದ್ದು ಮೊನ್ನೆ ಬೇಸಿಗೆಯ ಒಂದು ಭಾನುವಾರದ್ದು.

ನಮ್ಮ ಓಣಿಗೆ ನೀರು ದಿನಾ ಬರುವುದಿಲ್ಲ. ಬರುವ ದಿನ ಬಂತೆಂದರೆ ಮೊದಲು ಕಂಡವರು ಕೂಗುತ್ತಾರೆ. ಅವತ್ತು ಯಜಮಾನರು ಮೊದಲ ಪಾಳಿಗೆ ಹೋಗಿದ್ದರು. ಮಕ್ಕಳಿಗೆ ಹಾಲು ಕೊಟ್ಟು, ಅಡುಗೆಮನೆಯ ಮೂಲೆಯಲ್ಲಿ ಪೂಜೆಗೆ ಕೂತಿದ್ದೆ. ಲಿಂಗ ಅಂಗೈಯಲ್ಲಿತ್ತು. ಗೌರಿ ಪಕ್ಕದಲ್ಲಿ ಹೂವಿನ ಎಸಳು ಬಿಡಿಸುತ್ತಿದ್ದಳು. ಕೆಳಗಿನಿಂದ ಗಂಗವ್ವ ಕೂಗಿದರು, "ನಳಾ ಬಂದಾವಬೇ! ಲಗೂ ಬಾ!"

ಬಚ್ಚಲಿನಲ್ಲಿ ಬಿಟ್ಟಿದ್ದ ನಲ್ಲಿ ಬಕೆಟ್ಟಿನೊಳಗೆ ಸುರಿಯತೊಡಗಿತು. ತಿರುಗಿ ನೋಡಿದರೆ ಶಂಭು ಆ ದೊಡ್ಡ ಬಕೆಟ್ಟಿನ ಅಂಚಿಗೆ ಹೊಟ್ಟೆ ಆನಿಸಿ ಬಗ್ಗಿದ್ದ. ಅವನ ಎರಡೂ ಕಾಲು ನೆಲ ಬಿಟ್ಟಿದ್ದವು.

ಹೇಗೆ ಎದ್ದೆನೋ, ಹೇಗೆ ಹಿಡಿದೆನೋ. ಅವನ ಮುಖವೆಲ್ಲ ಒದ್ದೆ. ಕೆಮ್ಮಿ, ಆಮೇಲೆ ನಕ್ಕ. ಅವನನ್ನು ಸೊಂಟಕ್ಕೆ ಅವಚಿಕೊಂಡೇ ಡ್ರಮ್ಮು, ಕೊಡ, ತಪ್ಪಲೆ ಎಲ್ಲ ತುಂಬಿಸಿದೆ. ನೀರು ನಿಂತ ಮೇಲೆ ಮೂಲೆಗೆ ಬಂದೆ. ಕರಡಿಗೆ ಬಾಯಿ ತೆರೆದು ಮಣೆಯ ಮೇಲೆ ಬಿದ್ದಿತ್ತು. ಲಿಂಗ ಇರಲಿಲ್ಲ.

ಮಣೆ ಎತ್ತಿದೆ, ಸೆರಗು ಕೊಡವಿದೆ, ಬಕೆಟ್ಟಿನ ತಳಕ್ಕೆ ಕೈ ಹಾಕಿದೆ. ಒಮ್ಮೆ ಗೌರಿ ಆಟಕ್ಕೆಂದು ಕರಡಿಗೆ ಬಿಚ್ಚಿ, ಶಿವನಿಗೆ ಸೋಪು ಹಚ್ಚಿ ಜಳಕ ಮಾಡಿಸಿದ್ದು ನೆನಪಾಯಿತು.

"ಎಲ್ಲಿಟ್ಟೆ?"

"ನಾ ತಗೊಂಡಿಲ್ಲ."

"ನಿಜ ಹೇಳು!"

"ಇಲ್ಲಬೇ, ಖರೇನ ಇಲ್ಲ."

ಕೆನ್ನೆಗೆ ಹೊಡೆದೆ. ಒಂದಲ್ಲ, ಎರಡು. ಎಡಗೈಯಲ್ಲಿ ಹೊಡೆದೆ, ಲಿಂಗ ಹಿಡಿಯುವ ಕೈಯಲ್ಲಿ. ಆಮೇಲೆ ನೆಲಕ್ಕೆ ಕೂತು ಮಗುವಿಗಿಂತ ಜೋರಾಗಿ ಅತ್ತೆ. ಗೌರಿ ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಅಂದಳು, "ನಾನ ತಗೊಂಡೆ. ಗಟಾರದಾಗ ಒಗದೆ."

ಚರಂಡಿಗೆ ಎಸೆದಳಂತೆ ಎಂದು ಓಣಿಯೇ ಸೇರಿತು. ಎದುರು ಮನೆಯ ನಿವೃತ್ತ ಮಾಸ್ತರು ಬನಿಯನ್ನಿನಲ್ಲೇ ಹಾರೆ ತಂದು ಗಟಾರದ ಮೇಲಿನ ಕಲ್ಲುಚಪ್ಪಡಿ ಎಬ್ಬಿಸಿದರು.

"ಯಾವ ಕಡಿ ಒಗದಿ ಗೌರವ್ವಾ?"

ಗೌರಿ ಒಂದು ಕಡೆ ಬೆರಳು ತೋರಿಸಿದಳು. ಅಲ್ಲಿ ಸಿಗದಿದ್ದಾಗ ಇನ್ನೊಂದು ಕಡೆ ತೋರಿಸಿದಳು. ಮಾಸ್ತರು ಮೊಣಕೈವರೆಗೆ ಕೈ ಬಿಟ್ಟು ರಾಡಿ ತಡಕಿದರು.

"ಸಾವಕಾಶ ಮಾಸ್ತರ" ಅಂದರು ಗಂಗವ್ವ. "ಲಿಂಗ ಹುಡುಕಾಕ ಹೋಗಿ ನೀವ ಲಿಂಗೈಕ್ಯ ಆಗಬ್ಯಾಡ್ರಿ!"

"ಆದ್ರ ಸೀದಾ ಕೈಲಾಸ ಬಿಡ್ರಿ. ಗಟಾರದಾಗಿಂದನ ದಾರಿ ಐತಿ" ಅಂದರು ಅವರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಮಧ್ಯಾಹ್ನ ಮೂರಾಯಿತು. ನಾಲಿಗೆ ಒಣಗಿತ್ತು. ಶಂಭು ಎದೆಹಾಲಿಗೆ ನನ್ನನ್ನು ಎಳೆದಾಡಿ, ಸಾಲದೆ ಚೀರುತ್ತಿದ್ದ. ಗಂಗವ್ವ ಮೇಲೆ ಬಂದರು.

"ನಿನ್ನ ನೇಮ ನಿನಗ. ನೀ ಉಣ್ಣು ಅಂತ ನಾ ಹೇಳಂಗಿಲ್ಲ. ಆದ್ರ ಈ ಹುಡುಗ್ರಿಗೆ ಯಾವ ನೇಮ ಐತಿ? ಮುಂಜಾನಿಂದ ಇವಳ ಹೊಟ್ಟ್ಯಾಗ ಏನರ ಬಿದ್ದೈತೇನು?"

ಬೆಳಗಿನ ಹಾಲು ಬಿಟ್ಟರೆ ಏನೂ ಬಿದ್ದಿರಲಿಲ್ಲ. ನಾನು ಮರೆತೇಬಿಟ್ಟಿದ್ದೆ. ಗೌರಿಯೂ ಕೇಳಿರಲಿಲ್ಲ, ತಪ್ಪು ಮಾಡಿದವಳು ಊಟ ಕೇಳಬಾರದು ಎಂಬಂತೆ ಬಾಗಿಲ ಹಿಂದೆ ನಿಂತಿದ್ದಳು. ಹಾಲಿಗೆ ಮುರಿದು ಹಾಕೋಣವೆಂದು ಪೂಜೆಯ ಮೂಲೆಯಲ್ಲೇ ಇದ್ದ ಬುಟ್ಟಿಯಿಂದ, ಗಂಗವ್ವ ಆ ವಾರ ಕೊಟ್ಟಿದ್ದ ಖಡಕ್ ರೊಟ್ಟಿಯ ಗಂಟು ಎಳೆದೆ. ಬಟ್ಟೆಯ ಮಡಿಕೆ ಸರಿಸಿದೆ.

ಮೇಲಿನ ರೊಟ್ಟಿಯ ನಡುವೆ, ಬೇಯುವಾಗ ಉಬ್ಬಿ ಕುಸಿದ ತಗ್ಗಿನಲ್ಲಿ, ಶಿವ ಕೂತಿದ್ದ. ಅಂಟಿದ್ದ ಒಂದು ಎಸಳೂ ಹಾಗೇ ಇತ್ತು.

ಕಂಡ ಕೂಡಲೇ ನೆನಪಾಯಿತು. ಶಂಭುವಿನ ಕಾಲು ಮೇಲೆದ್ದದ್ದು ನೋಡಿದ ಆ ಕ್ಷಣ, ನೆಲಕ್ಕಿಡಬಾರದೆಂದು, ಕೈಗೆಟುಕಿದ ಶುಭ್ರ ಬಟ್ಟೆ ಅದೊಂದೇ ಎಂದು, ಅದರೊಳಗಿಟ್ಟು ಮಡಿಕೆ ಎಳೆದವಳು ನಾನೇ. ನೇಮದ ಹೆಸರಿನಲ್ಲಿ ಅನ್ನದ ಗಂಟು ಮುಟ್ಟದೇ ಇದ್ದುದರಿಂದ ಆರು ತಾಸು ಅವನು ಅಲ್ಲೇ ಇದ್ದ. ಮಗುವಿಗೊಂದು ತುತ್ತು ಮುರಿದಿದ್ದರೆ ಬೆಳಿಗ್ಗೆಯೇ ಸಿಗುತ್ತಿದ್ದ.

ಕಿಟಕಿಯಿಂದ "ಸಿಕ್ತು" ಎಂದು ಕೂಗಿದೆ.

"ಎಲ್ಲಿತ್ತವ್ವಾ?"

"ರೊಟ್ಟಿ ಗಂಟಲ್ಲಿ."

ಮಾಸ್ತರು ರಾಡಿಯ ಕೈ ಎತ್ತಿ, ಕಿಟಕಿಯಲ್ಲಿ ನನ್ನ ಪಕ್ಕ ಬಂದು ನಿಂತ ಗೌರಿಗೆ ಅಂದರು, "ಭಾರಿ ಆತು ನಿನ್ನ ಆಟ! ಶಿವಪ್ಪಗ ಉಣ್ಣಾಕ ಕುಂಡ್ರಿಸಿದ್ದೇನಬೇ? ಗಟಾರ ಅಂತ ನನಗ್ಯಾಕ ಹೇಳಿದಿ?"

ಓಣಿ ಮತ್ತೆ ನಕ್ಕಿತು. ಗೌರಿ ನನ್ನ ಮುಖ ನೋಡಿದಳು. ಅವಳ ಕೆನ್ನೆಯ ಮೇಲೆ ನನ್ನ ಬೆರಳುಗಳ ಗುರುತು ಇನ್ನೂ ಇತ್ತು.

ನಾನು ಸುಮ್ಮನಿದ್ದೆ.

ಯಾಕೆಂದು ಕೇಳಬೇಡಿ. ಮೈಸೂರು ಸೀಮೆಯವಳು, ಕೊರಳ ಲಿಂಗ ಕಾಯ್ದುಕೊಳ್ಳಲೂ ಬಾರದವಳು ಎಂದು ಈ ಓಣಿ ನನ್ನನ್ನು ನೋಡಬಾರದಿತ್ತು. ಅಷ್ಟಕ್ಕೆ ಐದು ವರ್ಷದ ಮಗಳನ್ನು ಮುಂದೆ ನಿಲ್ಲಿಸಿಕೊಂಡೆ.

ಆಮೇಲೆ ಓಣಿಯಲ್ಲಿ ಯಾರ ಚಪ್ಪಲಿ ಕಾಣದಿದ್ದರೂ, ಯಾರ ಕೊಡೆ ಕಾಣದಿದ್ದರೂ "ರೊಟ್ಟಿ ಗೌರವ್ವನ್ನ ಕೇಳ್ರಿ" ಎಂಬ ತಮಾಷೆ ಹುಟ್ಟಿತು. ಅವಳೂ ನಗುತ್ತಿದ್ದಳು. ನಾನು ಪೂಜೆಗೆ ಕೂತರೆ ಅಂಗೈ ನೋಡಲಾಗುತ್ತಿರಲಿಲ್ಲ. ಸಾಮಾನ್ಯವಾಗಿ ಪೂಜೆಯ ಕೊನೆಗೆ ಹಿಂದಿನ ದಿನದ ಕರುಣೆಗಳನ್ನು ಶಿವನಿಗೆ ಹೇಳುತ್ತೇನೆ. ಶಂಭು ಒಂದು ತಾಸು ಮಲಗಿದ, ನೀರು ಎಲ್ಲ ಕೊಡಕ್ಕೂ ಸಾಕಾಯಿತು, ಯಜಮಾನರು ಮಕ್ಕಳು ಎದ್ದಿರುವಾಗಲೇ ಮನೆಗೆ ಬಂದರು, ಹೀಗೆ. ಆ ದಿನಗಳಲ್ಲಿ ಶಂಭುವಿನ ಪ್ರಾಣ ಉಳಿದ ಅಷ್ಟು ದೊಡ್ಡ ಕರುಣೆಯನ್ನೂ ಬಾಯಿಬಿಟ್ಟು ಹೇಳಲಾಗಲಿಲ್ಲ. ಅದನ್ನು ಹೇಳಹೊರಟರೆ ಮುಂದಿನದನ್ನೂ ಹೇಳಬೇಕಾಗುತ್ತಿತ್ತು. ಅಮ್ಮ ಫೋನಿನಲ್ಲಿ, "ಪೂಜೆ ಸರಿಯಾಗಿ ನಡೀತಾ ಅದಾ ಕೂಸೇ?" ಎಂದರೆ ಹೂಂ ಅನ್ನುತ್ತಿದ್ದೆ.

ಅದಾದ ಎರಡನೆಯ ಸೋಮವಾರ ಗಂಗವ್ವ ಕನ್ನಡಕ ಹುಡುಕುತ್ತಾ ಮೇಲೆ ಬಂದರು. ಗೌರಿ ನೆಲದ ಮೇಲೆ ಬಳಪದಲ್ಲಿ ಗೀಚುತ್ತಿದ್ದಳು.

"ನನ್ನ ಚಾಳೀಸ ನೋಡಿಯೇನು?" ಎಂದು ಅವರು ನನ್ನನ್ನು ಕೇಳಿದರು. ಗೌರಿಯನ್ನು ಕೇಳಲೇ ಇಲ್ಲ. ಅವಳು ಬಳಪ ಬಿಟ್ಟು ಎದ್ದು ನಿಂತು, "ನಾನ ತಗೊಂಡೇನಿ ಆಯಿ" ಅಂದಳು. ಅಂದು, ಎರಡೂ ಕೈಯಿಂದ ಎರಡೂ ಕೆನ್ನೆ ಮುಚ್ಚಿಕೊಂಡಳು.

ಕನ್ನಡಕ ಗಂಗವ್ವನ ನೆತ್ತಿಯ ಮೇಲಿತ್ತು.

ಅವರು ನಗಲು ಹೋಗಿ ನಿಲ್ಲಿಸಿದರು. ನನ್ನ ಕಡೆ ತಿರುಗಿದರು. ನಾನು ನಿಂತಲ್ಲೇ ಎಲ್ಲ ಹೇಳಿದೆ. ಬಕೆಟ್ಟು, ಬಟ್ಟೆ, ಮಡಿಕೆ, ಕಿಟಕಿ, ಸುಮ್ಮನಿದ್ದದ್ದು.

"ಇಷ್ಟ ದಿನಾ ಬಾಯಾಗ ಏನ ಇಟ್ಕೊಂಡಿದ್ದಿ ನೀನು?" ಎಂದು ಗಂಗವ್ವ ಗದರಿದರು. ಸಮಾಧಾನ ಹೇಳುತ್ತಾರೆಂದು ನಾನು ಕಾದಿದ್ದೆ, ಹೇಳಲಿಲ್ಲ. "ನನಗ ಹೇಳಿದ್ರ ಆತೇನು? ಅಕಿಗೆ ಹೇಳು. ಮಾಸ್ತರಗ ಹೇಳು. ನಾವೂ ಹುಚ್ಚರಂಗ ಕೂಸಿನ ಮ್ಯಾಲೆ ನಕ್ಕೀವಿ."

ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತೆ. "ಲಿಂಗ ಅಲ್ಲಿಟ್ಟವಳು ನಾನೇ ಕಂದ. ನೀನು ತಗೊಂಡಿರಲಿಲ್ಲ. ತಗೊಂಡೆ ಅಂತ ಯಾಕಂದೆ?"

ಅವಳು ಬಹಳ ಸಹಜವಾಗಿ ಅಂದಳು, "ನೀ ಅಳಾಕತ್ತಿದ್ದಿ. ಯಾರರ ತಗೊಂಡಾರ ಅಂದ್ರ ಸುಮ್ಮನಾಗ್ತಿ ಅಂತ."

ಅವಳ ಕೈ ಹಿಡಿದು ಎದುರು ಮನೆಗೆ ಹೋದೆ. ಮಾಸ್ತರು ಎಲ್ಲ ಕೇಳಿ, ನನಗೇನೂ ಅನ್ನದೆ, ಗೌರಿಗೆ ಕೈಮುಗಿದರು. "ತಪ್ಪಾತ್ರಿ ಗೌರಮ್ಮಾರ. ಆದ್ರ ಒಂದು ಹೇಳ್ರಿ, ಸುಳ್ಳ ಹೇಳೂದಿತ್ತಂದ್ರ ಗಟಾರನ ಯಾಕ? ಹೂವಿನ ಗಿಡದಾಗ ಒಗದೆ ಅಂದಿದ್ರ ನನಗ ಎಷ್ಟ ಛಲೋ ಆಗ್ತಿತ್ತು!" ಗೌರಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ನಗು ಮುಂಚೆ ಹಾಗಿತ್ತೆಂದು ನನಗೆ ಆಗ ನೆನಪಾಯಿತು.

ಈಗ ನಮ್ಮ ಮನೆಯಲ್ಲಿ ಮೊದಲು ಮಕ್ಕಳ ಊಟ, ಆಮೇಲೆ ಪೂಜೆ. ನನ್ನ ನೇಮ ನನಗೇ ಇದೆ, ಆದರೆ ಬಾಗಿಲು ಹಾಕಿಕೊಂಡು ಕೂರುವುದಿಲ್ಲ. ಶಂಭು ವಿಭೂತಿಯನ್ನು ಹೊಟ್ಟೆಗೆಲ್ಲ ಬಳಿದುಕೊಳ್ಳುತ್ತಾನೆ. ಲಿಂಗಕ್ಕೆ ನೀರು ಹಾಕುವುದು ಗೌರಿ. ಅರ್ಧ ನನ್ನ ಸೀರೆಗೆ ಚೆಲ್ಲುತ್ತದೆ. "ಶಿವಪ್ಪಾ, ನಮ್ಮವ್ವಗ ಸಿಟ್ಟ ಬರದಂಗ ಮಾಡು" ಎಂದು ಗಟ್ಟಿಯಾಗಿ ಬೇಡುತ್ತಾಳೆ. ಕೆಲವು ದಿನ ನಗು ತಡೆಯಲಾಗದೆ ಅಂಗೈ ಅಲುಗುತ್ತದೆ, ಲಿಂಗವೂ ಅಲುಗುತ್ತದೆ. ಅಮ್ಮನ ಮನೆಯ ಮೌನದಲ್ಲಿ ಶಿವ ಇಷ್ಟು ಹತ್ತಿರ ಬಂದದ್ದು ನನಗೆ ಗೊತ್ತಿಲ್ಲ. ಹಾಗೆ ಹೇಳಲೂ ನಾಲಿಗೆ ಹಿಂಜರಿಯುತ್ತದೆ, ಆ ಮೌನವೇ ನನ್ನನ್ನು ಬೆಳೆಸಿದ್ದು. ಇನ್ನೊಂದೂ ಹೇಳಬೇಕು. ಮೇಲಿನ ಡಬ್ಬಿಗೆ ನಾನು ಥಟ್ಟನೆ ಎಡಗೈ ಎತ್ತಿದರೆ ಗೌರಿಯ ಕೈ ಇವತ್ತಿಗೂ ಒಮ್ಮೊಮ್ಮೆ ಕೆನ್ನೆಗೆ ಹೋಗುತ್ತದೆ.

ಅಮ್ಮನಿಗೆ ಇದನ್ನು ಫೋನಿನಲ್ಲಿ ಹೇಳಲಾಗಲಿಲ್ಲ, ಅದಕ್ಕೇ ಬರೆದೆ. ಅಮ್ಮನಿಗೆ ಓದು ಬಾರದು. ನಮ್ಮೂರಿನವರು ನಿಮ್ಮಲ್ಲಿ ಯಾರಾದರೂ ಇದನ್ನು ಜಗುಲಿಯಲ್ಲಿ ಕೂತು ಅವಳಿಗೆ ಓದಿ ಹೇಳುತ್ತೀರಿ. ಕೇಳಿದ ಕೂಡಲೇ ಅವಳು ಫೋನ್ ಮಾಡುತ್ತಾಳೆ, ಅದು ಖಂಡಿತ ನನ್ನ ಪೂಜೆಯ ಹೊತ್ತೇ ಆಗಿರುತ್ತದೆ. ಎತ್ತುವವಳು ಗೌರಿ. "ಅಜ್ಜೀ, ಅವ್ವ ಪೂಜಾಕ್ಕ ಕುಂತಾಳ, ಜರಾ ತಡೀರಿ" ಅನ್ನುತ್ತಾಳೆ. "ಏನಂತದೆ ಕೂಸು?" ಎಂದು ಅಮ್ಮ ಕೂಗುತ್ತಾಳೆ. ಪೂಜೆಯ ನಡುವೆ ಮಾತಾಡಬಾರದು ಎಂದು ಕಲಿಸಿದವಳು ಅವಳೇ. ಆದರೂ ನಾನು ಬಲಗೈಗೆ ಫೋನ್ ತೆಗೆದುಕೊಂಡು, ಎಡಗೈಯಲ್ಲಿ ಶಿವನನ್ನು ಹಿಡಿದುಕೊಂಡೇ, ಮಗಳು ಅಂದದ್ದನ್ನು ಅಮ್ಮನಿಗೂ ಅಮ್ಮ ಅಂದದ್ದನ್ನು ಮಗಳಿಗೂ ತಿಳಿಸಿ ಹೇಳುತ್ತೇನೆ.