ಚಂದ್ರನೌಕೆಗೆ ಕಟ್ಟಿದ ಮುಡುಪು

ಸುರಪುರದಲ್ಲಿ ಕರೆಂಟ್ ಮೀಟರ್ ಓದುವ ಕೆಲಸ ನನ್ನದು. ಮೀಟರ್ ಓದುವವನನ್ನು ಕಂಡರೆ ಯಾರಿಗೂ ಪ್ರೀತಿ ಉಕ್ಕುವುದಿಲ್ಲ. ಅವರ ಮನೆಯ ಫ್ಯಾನನ್ನು ರಾತ್ರಿಯಿಡೀ ನಾನೇ ತಿರುಗಿಸಿ ಬಿಲ್ಲು ಏರಿಸಿದ್ದೇನೆ ಎಂಬಂತೆ ನೋಡುತ್ತಾರೆ. ಅಂಥವನಿಗೆ ಮನೆಯಲ್ಲಾದರೂ ಒಂದು ಸುಖ ಬೇಡವೇ? ನನ್ನ ಸುಖ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿತ್ತು. ಬಾಹ್ಯಾಕಾಶ ಯಾನದ ನೆನಪಿಗೆಂದು ದೇಶದೇಶದವರು ಹೊರಡಿಸಿದ ನಾಣ್ಯಗಳನ್ನು ಅದರಲ್ಲಿ ಕೂಡಿಸಿದ್ದೆ. ರಾಕೆಟ್ಟಿನವು, ಉಪಗ್ರಹದವು, ಆಕಾಶಕ್ಕೆ ಹೋದ ಮೊದಲ ಮನುಷ್ಯನ ಮುಖವಿರುವ ರೂಬಲ್, ಆಕಾಶಕ್ಕೆ ಹೋದ ನಾಯಿಯದೊಂದು. ಈ ಕೊನೆಯದನ್ನು ನೋಡಿದ ಓಣಿಯವರು, ನಾಯಿ ಅಷ್ಟು ಮೇಲೆ ಹೋಗಿಬಂತು, ನೀನು ಇನ್ನೂ ಮೀಟರ್ ಓದುತ್ತಿದ್ದೀಯಲ್ಲ ಎಂದು ಚುಡಾಯಿಸಿದ್ದರು. ನಾಯಿ ತಿರುಗಿ ಬರಲಿಲ್ಲ ಎಂದು ಹೇಳಿ ಅವರ ಬಾಯಿ ಮುಚ್ಚಿಸಿದ್ದೆ.

ಈ ಹವ್ಯಾಸಕ್ಕೆ ನಿಯಮಗಳಿವೆ. ನಾಣ್ಯದ ಮೈ ಮುಟ್ಟಬಾರದು, ಅಂಚು ಹಿಡಿಯಬೇಕು. ತಿಕ್ಕಬಾರದು, ತೊಳೆಯಬಾರದು. ಇದನ್ನು ಹೇಳಿದಾಗ ಅವ್ವ, ತೊಳೆಯದ ಸಾಮಾನು ಇಟ್ಟುಕೊಳ್ಳುವುದಕ್ಕೂ ಇಷ್ಟು ಬಿಗುಮಾನವೇ ಎಂದು ಕೇಳಿದ್ದಳು. ಆದರೆ ಅವಳಿಗೆ ಡಬ್ಬಿಯ ಮೇಲೆ ಸಿಟ್ಟಿರಲಿಲ್ಲ. ಮಗ ಕುಡಿಯದೆ, ಇಸ್ಪೀಟು ಆಡದೆ ಮನೆಯಲ್ಲಿ ಬಿದ್ದಿರುತ್ತಾನಲ್ಲ ಎಂಬ ಸಮಾಧಾನವೇ ಇತ್ತು.

ಡಬ್ಬಿಯ ಅರಸ ಬೆಳ್ಳಿಯದು. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ಐವತ್ತು ವರ್ಷವಾಯಿತೆಂದು ಅಮೆರಿಕದಲ್ಲಿ ಹೊರಡಿಸಿದ ನಾಣ್ಯ. ಅದನ್ನು ತರಿಸಲು ಹೊಸ ಮೊಬೈಲಿನ ಆಸೆ ಬಿಟ್ಟಿದ್ದೆ. ಅದು ಚಪ್ಪಟೆಯಲ್ಲ, ಸಣ್ಣ ಬಟ್ಟಲಿನಂತೆ ಬಾಗಿದೆ. ತಗ್ಗಿನ ಬದಿಯಲ್ಲಿ ಚಂದ್ರನ ಮಣ್ಣಿನ ಮೇಲೆ ಮೂಡಿದ ಬೂಟಿನ ಗುರುತು. ಬೆಳ್ಳಿ ಖರೆಯೋ ಸುಳ್ಳೋ ತಿಳಿಯಲೆಂದು ಶಹಾಪುರದ ಒಬ್ಬ ಪತ್ತಾರನ ಅಂಗಡಿಗೆ ಒಯ್ದಿದ್ದೆ. ಬೆಳ್ಳಿ ಖರೆ, ಆದರೆ ದಾರಿಯಲ್ಲಿ ಎಲ್ಲೋ ನಗ್ಗಿದೆ ಎಂದು ಆತ ಮರುಗಿದ, ನಾನು ಕೇಳದೆಯೇ ಸುತ್ತಿಗೆ ಎತ್ತಿದ. ನಾನು ಅವನ ಕೈ ಹಿಡಿದ ರಭಸಕ್ಕೆ ಬೆಂಡೋಲೆ ನೋಡುತ್ತಿದ್ದ ಹೆಂಗಸರು ಎದ್ದು ಹೊರಗೆ ಹೋದರು. ಅಂದಿನಿಂದ ಆ ಅಂಗಡಿಗೆ ನಾನು ಹೋಗಿಲ್ಲ, ಕರೆದವರೂ ಇಲ್ಲ.

ನಮ್ಮ ದೇಶದ ನೌಕೆ ಹಿಂದಿನ ಸಲ ಚಂದ್ರನ ಮೇಲೆ ಇಳಿಯುವಾಗ ಸದ್ದಡಗಿ ಹೋಯಿತಲ್ಲ, ಆ ದಿನ ನಾನು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದೆ. ರೊಟ್ಟಿ ಬೇಡ, ಚಹಾ ಬೇಡ. ನಿಮ್ಮ ಕಾಕಾ ತೀರಿಕೊಂಡ ದಿನವೂ ನೀವು ಊಟ ಬಿಟ್ಟಿರಲಿಲ್ಲ ಎಂದು ಹೆಂಡತಿ ಅಂದಳು. ಮತ್ತೆ ಕೆಲವು ವರ್ಷಕ್ಕೆ ಇನ್ನೊಂದು ನೌಕೆ ಹೊರಟಿತು. ಅದು ಇಳಿಯುವ ದಿನ ಹತ್ತಿರ ಬಂದಂತೆ ನನಗೆ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಯಾರದೋ ಮೀಟರ್ ಓದಿ ಯಾರಿಗೋ ಬಿಲ್ಲು ಕೊಟ್ಟು ಬೈಸಿಕೊಂಡೆ.

ಆಗ ಗೋಗಿಯಿಂದ ಹೆಂಡತಿಯ ಅಣ್ಣ ಬಂದಿದ್ದ. ತೋರಿಸೋಣವೆಂದು ಡಬ್ಬಿ ತೆರೆದೆ. ಬೆಳ್ಳಿ ನಾಣ್ಯ ಇರಲಿಲ್ಲ. ಹಾಸಿಗೆ ಕೊಡವಿದೆ, ಟ್ರಂಕು ಬೋರಲು ಹಾಕಿದೆ, ಪಾಪ, ಭಾವನ ಚೀಲದ ಕಡೆಗೂ ಒಮ್ಮೆ ನೋಡಿದೆ. ಅವ್ವ ಮಾತ್ರ ಜೋಳ ಹಸನು ಮಾಡುತ್ತ ಕೂತಿದ್ದಳು. ತಲೆ ಎತ್ತದೆ, ಗದ್ದದಿಂದ ದೇವರ ಜಗಲಿಯ ಕಡೆ ತೋರಿಸಿದಳು. ಅಲ್ಲಿ ಮೊಳೆಗೆ ಅರಿಶಿಣ ಬಟ್ಟೆಯ ಗಂಟೊಂದು ತೂಗುತ್ತಿತ್ತು.

"ಹಣಮಪ್ಪಗ ಹರಕಿ ಹೊತ್ತೀನಿ. ನೌಕಾ ಸುರಳೀತ ಇಳದ್ರ ಅದು ಅವಂದು. ಹ್ವಾದ ಸಲ ನೀ ಗ್ವಾಡಿಗಿ ಮಾರಿ ಮಾಡಿ ಮಲಗಿದ್ದಿ, ಮತ್ತ ಅದನ್ನ ನೋಡೂದು ನನ್ನ ಕಡಿಂದ ಆಗಂಗಿಲ್ಲ."

ಹೋದ ಸಲವೂ ಊರೂರಿನ ಗುಡಿಗಳಲ್ಲಿ ಪೂಜೆ ಮಾಡಿಸಿದ್ದರಲ್ಲ, ಏನಾಯಿತು ಎಂದು ನಾನು ರೇಗಿದೆ.

"ಪೂಜಿ ಅಂದ್ರ ಸಲಾಮ ಹೊಡದಂಗ. ಹರಕಿ ಅಂದ್ರ ಮಾತ ಕೊಟ್ಟಂಗ," ಅಂದಳು ಅವ್ವ.

ಹಣಮಪ್ಪನೇ ಯಾಕೆ ಎಂದರೆ ಅದಕ್ಕೂ ಉತ್ತರ ಸಿದ್ಧವಿತ್ತು. ತೊಟ್ಟಿಲ ಕೂಸಾಗಿದ್ದಾಗಲೇ ಸೂರ್ಯನಿಗೆ ಜಿಗಿದವನಿಗೆ ಚಂದ್ರ ಅಂದರೆ ಹಿತ್ತಲಿದ್ದ ಹಾಗೆ, ಆ ದಾರಿ ಅವನಿಗೆ ಪಾಠವಾಗಿದೆಯಂತೆ. ಅಷ್ಟು ನಾಣ್ಯಗಳಲ್ಲಿ ಇದನ್ನೇ ಏಕೆ ಆರಿಸಿದಳೆಂದು ನಾನು ಕೇಳಲಿಲ್ಲ. ನಮ್ಮ ಕಡೆ ಕಲ್ಲಿನ ಮೇಲೆ ಪಾದ ಕಂಡರೆ ಪಾದಗಟ್ಟಿ ಎಂದು ಕೈ ಮುಗಿಯುತ್ತಾರೆ. ನಾಣ್ಯದ ಮೇಲಿನ ಬೂಟನ್ನೂ ಹಾಗೇ ನೋಡಿರಬೇಕೆಂದು ನಾನೇ ತಿಳಿದುಕೊಂಡೆ.

ಬಿಚ್ಚುವ ಹಾಗಿಲ್ಲ. ಕೆಲಸ ಆಗುವ ಮೊದಲು ಮುಡುಪು ಬಿಚ್ಚಿದರೆ ಕೆಲಸ ಕೆಡುತ್ತದೆ, ಪಾಪ ಬಿಚ್ಚಿದವನಿಗೆ. ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ಆದರೆ ನಂಬದಿರುವುದು ಬೇರೆ, ಪರೀಕ್ಷೆ ಮಾಡಿ ನೋಡುವುದು ಬೇರೆ. ನಾನು ಗಂಟು ಬಿಚ್ಚಿ, ಅಲ್ಲಿ ನೌಕೆ ಬಿದ್ದರೆ? ಅವ್ವ ದಿಲ್ಲಿಯವರಿಗೆ ಹೇಳಲಿಕ್ಕಿಲ್ಲ, ಓಣಿಯವರಿಗಂತೂ ಹೇಳೇ ಹೇಳುತ್ತಾಳೆ.

ಹೆಂಡತಿ ಸುಮ್ಮನಿರಬಾರದೇ? ಒಂದು ವೇಳೆ ಇಳಿಯದಿದ್ದರೆ ಈ ನಾಣ್ಯ ಯಾರದು ಎಂದು ಕೇಳಿದಳು. ಆಗ ಹಣಮಪ್ಪನಿಗೆ ಹಕ್ಕಿಲ್ಲ, ಗಂಟು ಬಿಚ್ಚಿ ಇವನ ಕೈಗೇ ಕೊಡುವುದು ಎಂದಳು ಅವ್ವ. ಹೆಂಡತಿ ನನ್ನ ಕಡೆ ತಿರುಗಿದಳು.

"ಹಂಗಾರ ಈಗ ನೀವ್ ಯಾ ಪಾರ್ಟಿರಿ?"

ಆ ಮಾತು ಭಾವನ ಬಾಯಿಂದ ಹೊಸ್ತಿಲು ದಾಟಿತು. ಮೀಟರ್ ಓದಲು ಹೋದ ಮನೆಮನೆಯಲ್ಲೂ ಅದೇ ಪ್ರಶ್ನೆ. ಮೊದಲು ನಗುತ್ತಿದ್ದೆ, ಆಮೇಲೆ ಮೈ ಉರಿಯತೊಡಗಿತು. ನೌಕೆ ಇಳಿಯುವ ಸಂಜೆ ನಮ್ಮ ಮನೆಯ ಟಿವಿಯ ಮುಂದೆ ಅರ್ಧ ಓಣಿ ನೆರೆದಿತ್ತು, ಟಿವಿ ಎಲ್ಲರ ಮನೆಯಲ್ಲೂ ಇದ್ದರೂ. ಅವರು ನೋಡಲು ಬಂದದ್ದು ಚಂದ್ರನನ್ನಲ್ಲ, ನನ್ನ ಮುಖವನ್ನು. ಪರದೆಯ ಮೇಲೆ ನೌಕೆ ಕೆಳಗೆ, ಇನ್ನೂ ಕೆಳಗೆ ಇಳಿಯಿತು. ನಾನು ಕೈ ಜೋಡಿಸಿದ್ದು ನನಗೇ ಗೊತ್ತಾಗಲಿಲ್ಲ. ಇಳಿಯಲಪ್ಪ, ಇಳಿಯಲಿ, ಬೆಳ್ಳಿ ಹಾಳಾಗಿ ಹೋಗಲಿ ಎಂದು ಮನಸ್ಸು ಬಡಕೊಳ್ಳುತ್ತಿತ್ತು. ಇಳಿಯಿತು. ಎಲ್ಲರಿಗಿಂತ ಮೊದಲು ಕೂಗಿದವನು ನಾನು. ಬಿಲ್ಲು ಜಾಸ್ತಿ ಬಂತೆಂದು ನನ್ನ ಮೇಲೆ ತಕರಾರು ಕೊಟ್ಟಿದ್ದ ಪಕ್ಕದ ಮನೆಯವನನ್ನು ಅಪ್ಪಿಕೊಂಡೆ. ಹೆಮ್ಮೆಯಿಂದ ಕಣ್ಣು ತುಂಬಿತು. ಆಮೇಲೆ ಜಗಲಿಯ ಕಡೆ ನೋಡಿದೆ, ಅದೇ ಕಣ್ಣೀರು ಬೇರೆ ಕಾರಣಕ್ಕೆ ಮುಂದುವರಿಯಿತು.

ಶನಿವಾರ ಗುಡಿಗೆ ಹೋದೆವು. ಅದರ ಬದಲು ಅಷ್ಟೇ ತೂಕದ ಬೆಳ್ಳಿ ಕೊಡೋಣ ಎಂದು ದಾರಿಯುದ್ದಕ್ಕೂ ಗೋಗರೆದೆ. ಹೆಸರು ಹೇಳಿ ಕಟ್ಟಿದ್ದನ್ನು ಬದಲಿಸಲು ಇದೇನು ಬಟ್ಟೆ ಅಂಗಡಿಯೇ ಎಂದಳು ಅವ್ವ. ಗುಡಿಯಲ್ಲಿ ಗಂಟು ಬಿಚ್ಚಿ ನಾಣ್ಯವನ್ನು ಹುಂಡಿಗೆ ಹಾಕಲು ಹೋದರೆ, ಅದು ಒಳಗೆ ಹೋಗಲಿಲ್ಲ. ಹುಂಡಿಯ ಸೀಳು ಚಪ್ಪಟೆ ನಾಣ್ಯಕ್ಕೆ ಮಾಡಿದ್ದು, ಬಾಗಿದ ನಾಣ್ಯ ಅರ್ಧಕ್ಕೇ ಸಿಕ್ಕಿಕೊಂಡಿತು. ನನ್ನೊಳಗೆ ಹಬ್ಬ. ಹಣಮಪ್ಪನಿಗೇ ಬೇಡವಂತೆ ಎಂದು ಮೆಲ್ಲಗೆ ಸೂಚಿಸಿದೆ. ಪೂಜಾರಿ ಹೇಗೋ ಎಳೆದು ತೆಗೆದ. ಹಿಂದೆಮುಂದೆ ನೋಡಿ, ಸೊಟ್ಟಗಾಗಿದೆ, ಒಂದೇಟಿಗೆ ನೆಟ್ಟಗೆ ಮಾಡುತ್ತೇನೆಂದು ತೆಂಗಿನಕಾಯಿ ಒಡೆಯುವ ಕಲ್ಲಿನ ಮೇಲೆ ಇಟ್ಟ. ನಾನು ಎರಡೂ ಅಂಗೈ ನಾಣ್ಯದ ಮೇಲೆ ಮುಚ್ಚಿ, ಮೊದಲು ನನ್ನ ಕೈ ಜಜ್ಜು ಎಂದೆ. ಅವ್ವ ಒಂದು ಗಳಿಗೆ ನನ್ನನ್ನೇ ನೋಡಿದಳು. ಬಡಿಯಬೇಡ, ಇದ್ದ ಹಾಗೇ ದೇವರ ಮುಂದೆ ಇಡು ಎಂದು ಪೂಜಾರಿಗೆ ಹೇಳಿದಳು. ಅವನು ಇಟ್ಟ. ಅಲ್ಲಿ ಕುಂಕುಮ ಇಡಲು ಒಂದು ಪ್ಲಾಸ್ಟಿಕ್ ಮುಚ್ಚಳವಿತ್ತು. ಅದನ್ನು ನೋಡಿದ, ಇದನ್ನು ನೋಡಿದ, ಮುಚ್ಚಳ ಎಸೆದು ಕುಂಕುಮವನ್ನು ನಾಣ್ಯಕ್ಕೆ ಸುರಿದ.

ಈಗ ಪ್ರತಿ ಶನಿವಾರ ಬಂದವರೆಲ್ಲ ಚಂದ್ರನ ಮಣ್ಣಿನಲ್ಲಿ ಬೆರಳು ಅದ್ದಿ ಹಣೆಗೆ ಹಚ್ಚಿಕೊಂಡು ಹೋಗುತ್ತಾರೆ. ಎಣ್ಣೆಯ ಬೆರಳು, ಬಾಳೆಹಣ್ಣಿನ ಬೆರಳು. ಪೂಜಾರಿ ವಾರಕ್ಕೊಮ್ಮೆ ಹುಣಸೆಹಣ್ಣು ಹಾಕಿ ತಿಕ್ಕುತ್ತಾನೆ. ಹೊಟ್ಟೆಗೆ ಬೆಂಕಿ ಬೀಳುತ್ತದೆ, ಆದರೂ ಒಂದು ಶನಿವಾರವೂ ತಪ್ಪಿಸದೆ ಹೋಗಿ ನೋಡಿಬರುತ್ತೇನೆ. ಗಂಡನಿಗೆ ಭಕ್ತಿ ಬಂದಿದೆ ಎಂದು ಹೆಂಡತಿ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಾಳೆ.

ಮೊನ್ನೆ ಟಿವಿಯಲ್ಲಿ, ಮುಂದೆ ನಮ್ಮವರೇ ನಮ್ಮ ನೌಕೆಯಲ್ಲಿ ಕೂತು ಆಕಾಶಕ್ಕೆ ಹೋಗುತ್ತಾರೆ ಎಂದು ಹೇಳಿದರು. ಅವ್ವ ಜೋಳದ ಮೊರ ಕೆಳಗಿಟ್ಟಳು. ನನಗೆ ತಿಳಿಯಿತು. ಕೇಳುವ ಮೊದಲೇ ಡಬ್ಬಿ ತಂದು ಅವಳ ಮುಂದೆ ತೆರೆದಿಟ್ಟು, ಯಾವುದರ ಮೇಲೂ ಪಾದವಿಲ್ಲ, ನೋಡಿಕೋ ಎಂದೆ. ಅವಳು ಡಬ್ಬಿಯ ಕಡೆ ನೋಡಲೂ ಇಲ್ಲ.

"ಪಾದಕ್ಕೇನ ಮಾಡ್ತಿ, ಬೂಟಿನ ಪಾದ. ಆವಾಗ ನೀ ದಿನಾ ತಗದು ತಗದು ನೋಡತಿದ್ದದ್ದು ಅದೊಂದ, ಅದಕ್ಕ ನಾ ಅದನ್ನ ಕಟ್ಟಿದ್ನಿ. ಬ್ಯಾಡಾದ್ದು ಕೊಟ್ರ ಅದು ಹರಕಿ ಅಲ್ಲ ತಮ್ಮಾ, ಕಸಾ. ಈಗ ಮ್ಯಾಲ ಹೋಗೂ ಹುಡುಗ್ರಿಗೂ ಮನ್ಯಾಗ ಅವ್ವಂದಿರು ಅದಾರ. ಇದ್ರಾಗ ನಿನ್ನ ಜೀವ ಯಾವುದರ ಮ್ಯಾಲ ಐತಿ, ಹೇಳು."

ಸುಳ್ಳು ಹೇಳಿದ್ದರೆ ಅವಳಿಗೆ ತಿಳಿಯುತ್ತಿತ್ತು. ತುಸು ಹೊತ್ತು ಡಬ್ಬಿಯಲ್ಲಿ ಬೆರಳಾಡಿಸಿ, ಖರೆಯಾಗಿ ಜೀವ ಇದ್ದದ್ದನ್ನೇ ಎತ್ತಿ ಅವಳ ಅಂಗೈಯಲ್ಲಿಟ್ಟೆ.