ಆ ಹಾಳೆಯ ಅಕ್ಷರ ನನ್ನದು

ಪಾಲಿಕೆಯ ಪ್ರಭಾಗ ಸಮಿತಿಯ ಸಭೆಯಲ್ಲಿ ನಿಮ್ಮ ಫೈಲಿನಿಂದ ಹಾರಿ ಬಿದ್ದ ಹಾಳೆಯನ್ನು ಬರೆದವನು ನಾನು. ಸುಗಲಾಬಾಯಿ ಅಕ್ಕ, ಇದು ನಿಮಗೆ ಗೊತ್ತು, ನನಗೆ ಗೊತ್ತು. ಒಂಬತ್ತು ವರ್ಷಗಳಿಂದ ನಮ್ಮಿಬ್ಬರನ್ನು ಬಿಟ್ಟರೆ ಇನ್ಯಾರಿಗೂ ಗೊತ್ತಿಲ್ಲ. ಅಂದು ಸದಸ್ಯರೊಬ್ಬರು ಆ ಹಾಳೆಯನ್ನು ನನ್ನ ಕೈಗೇ ಕೊಟ್ಟು ಓದಲು ಹೇಳಿದಾಗ, ಅಕ್ಷರ ತಿಳಿಯುತ್ತಿಲ್ಲ ಎಂದೆ. ಅದು ಸುಳ್ಳು. ಆ ಸುಳ್ಳಿನಿಂದ ನೀವು ಸಭಾಪತಿಯಾಗುವುದು ತಪ್ಪಿತು, ಮುಂದಿನ ಚುನಾವಣೆಯಲ್ಲಿ ಟಿಕೆಟ್ ತಪ್ಪಿತು, ಮತ್ತು ಕಂತ್ರಾಟುದಾರನ ಕೈಗೊಂಬೆ ಎಂಬ ಹೆಸರು ನಿಮಗೆ ಅಂಟಿತು.

ಇದನ್ನು ಓದುವವರೆಲ್ಲ ನಿಮ್ಮನ್ನು ಬಲ್ಲವರಲ್ಲ. ಆದ್ದರಿಂದ ಮೊದಲಿನಿಂದ ಹೇಳಬೇಕು.

ನಾನು ಆಗ ಮುಂಬಯಿಯ ಒಂದು ಸಣ್ಣ ಕನ್ನಡ ಪತ್ರಿಕೆಯ ವರದಿಗಾರ. ಮನೆ ಡೊಂಬಿವಿಲಿಯಲ್ಲಿ, ಠಾಣೆಯಿಂದ ಕಲ್ಯಾಣದವರೆಗಿನ ಸುದ್ದಿ ನನ್ನ ಪಾಲು. ಆ ಪತ್ರಿಕೆ ಈಗ ಇಲ್ಲ. ಪಾಲಿಕೆ ಯಾವುದೆಂದು ಇಲ್ಲಿ ಬರೆಯುವುದಿಲ್ಲ. ತಪ್ಪು ನನ್ನದು, ಕಟ್ಟಡದ್ದಲ್ಲ. ಸುಗಲಾಬಾಯಿ ವಿಜಯಪುರ ಜಿಲ್ಲೆಯವರು. ಗಂಡ ಗಾರೆ ಕೆಲಸಕ್ಕೆ ಬಂದು ಇಲ್ಲಿಯೇ ತೀರಿಕೊಂಡ ಮೇಲೆ, ಹಳಿಯ ಪಕ್ಕದ ಚಾಳಿನಲ್ಲಿ ಖಾನಾವಳಿ ನಡೆಸಿ ಮಗನನ್ನು ಬೆಳೆಸಿದವರು. ಮಹಿಳಾ ಮೀಸಲು ವಾರ್ಡಿನಿಂದ ನಗರಸೇವಕಿಯಾಗಿ ಗೆದ್ದರು. ಅವರು ಆಡುವ ಮರಾಠಿ ಕೇಳಿದರೆ ಸೊಲ್ಲಾಪುರದ ಕಡೆಯವರೇನೋ ಅನ್ನಿಸುತ್ತಿತ್ತು. ಓದಲು ಮಾತ್ರ ಬರುತ್ತಿದ್ದುದು ಕನ್ನಡ — ಊರಿನ ಶಾಲೆಯ ನಾಲ್ಕನೇ ಇಯತ್ತೆಯವರೆಗಿನ ಕನ್ನಡ.

ಪಾಲಿಕೆಯ ವ್ಯವಹಾರವೆಲ್ಲ ಮರಾಠಿಯಲ್ಲಿ. ನಗರಸೇವಕರಾಗಲು ಮರಾಠಿ ಓದಲು ಬರಬೇಕು ಎಂದು ಯಾರೂ ನನಗೆ ನಿಯಮ ತೋರಿಸಿದ್ದಿಲ್ಲ. ಆದರೆ ವಿಷಯಪತ್ರಿಕೆ, ಅಂದರೆ ಸಭೆಯಲ್ಲಿ ಚರ್ಚೆಗೆ ಬರುವ ವಿಷಯಗಳ ಪಟ್ಟಿ, ಮನೆಗೆ ಬರುವುದು ದೇವನಾಗರಿಯಲ್ಲಿ. ಓದಲಾಗದವರು ಪಕ್ಕದವರು ಕೈ ಎತ್ತಿದಾಗ ಕೈ ಎತ್ತಬೇಕು. ನೀವು ಹಾಗೆ ಕೈ ಎತ್ತುವವರಾಗಿರಲಿಲ್ಲ.

ಮೊದಲ ಸಲ ನಾನು ಬರೆದುಕೊಟ್ಟದ್ದು ಪ್ರಮಾಣವಚನ. ನಿಮ್ಮ ಸಂದರ್ಶನಕ್ಕೆಂದು ಖಾನಾವಳಿಗೆ ಬಂದಿದ್ದೆ. ನೀವು ರೊಟ್ಟಿ ಬಡಿಯುತ್ತಲೇ ಒಂದು ಕಾಗದವನ್ನು ನನ್ನ ಕಡೆ ನೂಕಿದಿರಿ.

“ಪೇಪರ್ ಸಾಹೇಬ್ರ, ಇದರಾಗಿನ ಮರಾಠಿ ಹಂಗ ಇರ್ಲಿ. ಅಕ್ಷರ ಅಷ್ಟ ನಮ್ಮವು ಮಾಡಿ ಕೊಡ್ರಿ. ಮಾತು ನನಗ ಬರ್ತೈತಿ, ಅಕ್ಷರ ಮಾರಿ ಹೊಳ್ಳಿಸಿಕೊಂಡು ಕುಂತಾವ.”

ಮಾಡಿಕೊಟ್ಟೆ. ನೀವು ಒಂದು ಕಡೆಯೂ ತಡವರಿಸದೆ ಪ್ರಮಾಣವಚನ ತೆಗೆದುಕೊಂಡಿರಿ. ಆಮೇಲೆ ಪ್ರತಿ ಸಭೆಗೆ ಮೂರು ದಿನ ಮುಂಚೆ ಫೋನು. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ನಾನು ಮೂಲೆಯ ಮೇಜಿನಲ್ಲಿ ಕುಳಿತು ಮರಾಠಿ ವಿಷಯಪತ್ರಿಕೆಯನ್ನು ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದೆ. ಒಂದು ಪದವನ್ನೂ ಬದಲಿಸುತ್ತಿರಲಿಲ್ಲ. ಹಾಳೆ ಹಿಡಿದು ನೀವು ಹೇಳಿದ್ದು ನೆನಪಿದೆ: “ನಿನ್ನ ಅಕ್ಷರ ಜ್ವಾಳದ ಕಾಳ ಪೋಣಿಸಿದಂಗ ಅದಾವ ತಮ್ಮಾ.” ಆ ಹೊತ್ತಿಗೆ ನಾನು ಸಾಹೇಬನಿಂದ ತಮ್ಮನಾಗಿದ್ದೆ, ನೀವು ನನ್ನನ್ನು ‘ನೀ’ ಎನ್ನುತ್ತಿದ್ದಿರಿ.

ಇದು ಉಪಕಾರವಾಗಿತ್ತು ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಪೂರ್ತಿ ನಿಜವಲ್ಲ. ನೀವು ಅಂಗಡಿಯಿಂದ ಅಕ್ಷರ ಕಲಿಯುವ ಒಂದು ಮರಾಠಿ ಅಂಕಲಿಪಿ ತಂದು, ಕಲಿಸು ಎಂದಿದ್ದಿರಿ. ಮುಂದಿನ ವಾರ, ಮುಂದಿನ ವಾರ ಎಂದೆ. ಆ ಪುಸ್ತಕ ಹಿಟ್ಟಿನ ಡಬ್ಬಿಯ ಮೇಲೆಯೇ ಉಳಿಯಿತು. ಕಲಿತಿದ್ದರೆ ನಿಮಗೆ ನಾನು ಬೇಕಾಗುತ್ತಿರಲಿಲ್ಲ. ಬರೆಯುತ್ತ ಕುಳಿತಾಗ ನೀವು ಹೇಳುತ್ತಿದ್ದ ಪಾಲಿಕೆಯ ಒಳಸುದ್ದಿ ನನಗೆ ಸಿಗುತ್ತಿರಲಿಲ್ಲ. ಬೇರೆ ಪತ್ರಿಕೆಯವರಿಗಿಂತ ಒಂದು ದಿನ ಮುಂಚೆ ನನ್ನ ಸುದ್ದಿ ಬರುತ್ತಿತ್ತು. ಸಂಪಾದಕರು ಬೆನ್ನು ತಟ್ಟುತ್ತಿದ್ದರು. ತಾನು ವರದಿ ಮಾಡುವ ಸಭೆಯ ಸದಸ್ಯರಿಗೆ ವರದಿಗಾರ ಕಾಗದ ಬರೆದುಕೊಡಬಾರದು — ಇದು ಆ ಕಚೇರಿಯಲ್ಲಿ ನಾನು ಹೊಸಬರಿಗೆ ಹೇಳಿಕೊಡುತ್ತಿದ್ದ ಪಾಠ. ಅದಕ್ಕೇ ಕಚೇರಿಯ ಹಾಳೆ ಬಳಸದೆ ಅಂಗಡಿಯ ಬಿಳಿ ಹಾಳೆ ಬಳಸುತ್ತಿದ್ದೆ. ಅಷ್ಟು ಎಚ್ಚರ ವಹಿಸಿದ್ದೆ ಎಂದರೆ, ತಪ್ಪು ಎಂದು ಗೊತ್ತಿತ್ತು ಎಂದೇ ಅರ್ಥ.

ಆ ತಿಂಗಳ ವಿಷಯಪತ್ರಿಕೆಯಲ್ಲಿ ನಿಮ್ಮ ಚಾಳಿನ ಹೆಂಗಸರ ಶೌಚಾಲಯದ ದುರಸ್ತಿ ಮುಗಿದಿದೆ, ಹೊಸ ಬಾಗಿಲುಗಳನ್ನು ಹಾಕಲಾಗಿದೆ ಎಂದಿತ್ತು. ನಾನು ಓದಿದೆ. ಹಿಟ್ಟು ನಾದುತ್ತಿದ್ದ ನಿಮ್ಮ ಕೈ ನಿಂತಿತು.

“ಬಾಗಿಲಾ ಹಾಕ್ಯಾರ? ಇವತ್ತ ಮುಂಜಾನಿ ಹೋಗಿ ಬಂದೀನಿ ನಾ. ಒಬ್ಬಾಕಿ ಒಳಗ ಕುಂತ್ರ ಇನ್ನೊಬ್ಬಾಕಿ ಸೀರಿ ಅಡ್ಡ ಹಿಡೀತಾಳ. ಬರ್ಕೋ ತಮ್ಮಾ — ಬಾಗಿಲಾ ಎಲ್ಲಿ ಅಂತ ಕೇಳಬೇಕು.”

ಹಾಳೆಯ ಅಂಚಿನಲ್ಲಿ ಬರೆದೆ: ‘ಬಾಗಿಲು ಎಲ್ಲಿ? — ಕೇಳಿ.’ ಆ ಹಾಳೆಯಲ್ಲಿ ಮರಾಠಿಯಲ್ಲದ ಸಾಲು ಅದೊಂದೇ. ಪ್ರಶ್ನೆ ನಿಮ್ಮದು, ಅಕ್ಷರ ಮಾತ್ರ ನನ್ನದು. ಮನೆಗೆ ಹೋಗಿ ಆ ಪ್ರಶ್ನೆಯ ಸುದ್ದಿಯನ್ನು ಸಭೆಗೆ ಮೊದಲೇ ಅರ್ಧ ಬರೆದಿಟ್ಟೆ.

ಪ್ರಭಾಗ ಸಮಿತಿ ಎಂದರೆ ಕೆಲವು ವಾರ್ಡುಗಳ ಸಮಿತಿ; ಅದರ ಸಭೆ ಎಂದರೆ ಒಂದು ಉದ್ದನೆಯ ಮೇಜು, ಸುತ್ತ ಸದಸ್ಯರು, ಗೋಡೆಗೆ ಒತ್ತಿ ಪತ್ರಕರ್ತರ ಕುರ್ಚಿಗಳು. ಮುಂದಿನ ವಾರ ಸಮಿತಿಗೆ ಹೊಸ ಸಭಾಪತಿಯ ಆಯ್ಕೆ. ನಿಮ್ಮ ಪಕ್ಷ ನಿಮ್ಮ ಹೆಸರನ್ನೇ ಹೇಳಿತ್ತು. ನೀವು ಎದ್ದು ನಿಂತು ಬಾಗಿಲು ಎಲ್ಲಿ ಎಂದು ಕೇಳಿದಿರಿ. ಎಂಜಿನಿಯರ್ ಫೈಲು ತಿರುವಿದರು, ಮತ್ತೆ ತಿರುವಿದರು. ಸೀರೆ ಅಡ್ಡ ಹಿಡಿಯುವ ಸಂಗತಿಯನ್ನು ನೀವು ಮರಾಠಿಯಲ್ಲಿ ಹೇಳಿದ ರೀತಿಗೆ ಎದುರು ಪಕ್ಷದ ಮಹಿಳಾ ಸದಸ್ಯರೂ ತಲೆಯಾಡಿಸಿದರು. ಗೆದ್ದಿದ್ದಿರಿ. ಫೈಲನ್ನು ಮೇಜಿನ ಮೇಲಿಟ್ಟು ಕೂರುವಷ್ಟರಲ್ಲಿ ಫ್ಯಾನಿನ ಗಾಳಿಗೆ ಹಾಳೆ ಹಾರಿ ಎದುರು ಬದಿಯ ಸದಸ್ಯರೊಬ್ಬರ ಕಾಲ ಬಳಿ ಬಿತ್ತು. ಅವರು ಎತ್ತಿ, ಕನ್ನಡದ ದುಂಡು ಅಕ್ಷರಗಳನ್ನು ನೋಡಿ, ಇದೇನು ಎಂದು ನಕ್ಕರು.

“ಹೇ ಕಾಯ್? ಜಿಲೇಬೀ?”

ಮೇಜಿನ ಸುತ್ತ ನಗೆ ಎದ್ದಿತು. ಅವರು ನಗು ನಿಲ್ಲಿಸಿ, ನಮ್ಮ ವಿಷಯಪತ್ರಿಕೆ ಇವರಿಗೆ ಓದಲು ಬರುವುದಿಲ್ಲ, ಯಾರೋ ಬರೆದುಕೊಟ್ಟದ್ದನ್ನು ಇಲ್ಲಿ ಬಂದು ಒಪ್ಪಿಸುತ್ತಾರೆ ಎಂದರು. ಆ ವಾರ್ಡಿನಲ್ಲಿ ಒಬ್ಬ ಕನ್ನಡಿಗ ಕಂತ್ರಾಟುದಾರನಿದ್ದ; ಶೌಚಾಲಯದ ಕೆಲಸ ಅವನ ಕೈತಪ್ಪಿ ಇನ್ನೊಬ್ಬನಿಗೆ ಹೋಗಿತ್ತು. ಬರೆದುಕೊಟ್ಟವನು ಅವನೇ ಎಂದರು. ನಂತರ ಗೋಡೆಯ ಕಡೆ ತಿರುಗಿ ಹಾಳೆಯನ್ನು ನನಗೆ ಚಾಚಿದರು.

“ತುಮ್ಹಾಲಾ ಕಾನಡೀ ಯೇತೇ ನಾ? ವಾಚಾ.”

ನಿಮಗೆ ಕನ್ನಡ ಬರುತ್ತದಲ್ಲ, ಓದಿ — ಎಂದರು. ಓದಿದ್ದರೆ ಸಾಕಿತ್ತು. ಅಲ್ಲಿದ್ದ ಪ್ರತಿಯೊಬ್ಬರ ಮುಂದೆಯೂ ಅದೇ ವಿಷಯಪತ್ರಿಕೆ ಇತ್ತು. ನಾನು ಓದುತ್ತ ಹೋದಂತೆ ಅವರ ಬೆರಳು ಅವರವರ ಪ್ರತಿಯ ಮೇಲೆ ಸಾಲು ಸಾಲಾಗಿ ಸಾಗುತ್ತಿತ್ತು. ಇದು ಯಾವ ಕಂತ್ರಾಟುದಾರನ ಪಾಠವೂ ಅಲ್ಲ, ಅವರದೇ ಮರಾಠಿ ಎಂದು ಎಲ್ಲರ ಕಿವಿಗೂ ತಿಳಿಯುತ್ತಿತ್ತು. ಆದರೆ ಅಂಚಿನ ಆ ಒಂದು ಸಾಲು — ಅದಕ್ಕೆ ಬಂದಾಗ ಏನೆನ್ನಲಿ? ಪ್ರಶ್ನೆ ಬರೆದವನು ಯಾರು ಎಂದರೆ? ಮರುದಿನದ ಸುದ್ದಿ ನನ್ನ ಚೀಲದಲ್ಲಿ ಅರ್ಧ ತಯಾರಾಗಿತ್ತು. ನನ್ನ ಪಕ್ಕ ನಾಲ್ಕು ಪತ್ರಿಕೆಯವರಿದ್ದರು. ನೌಕರಿ, ಹೆಸರು, ಆ ಕುರ್ಚಿ...

ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದೆ. ದೂರ ಹಿಡಿದೆ. ನಟಿಸಿದೆ.

“ಅಕ್ಷರ ಲಾಗತ ನಾಹೀ, ಸಾಹೇಬ್.”

ಅಕ್ಷರ ತಿಳಿಯುತ್ತಿಲ್ಲ ಎಂದೆ. ನೀವು ನನ್ನನ್ನು ನೋಡಿದಿರಿ. ಜೋಳದ ಕಾಳು ಎಂದಿದ್ದವರು ನೀವು. ಆ ನೋಟದಲ್ಲಿ ಸಿಟ್ಟಿರಲಿಲ್ಲ — ಇದ್ದಿದ್ದರೆ ಚೆನ್ನಾಗಿತ್ತು. ಲೆಕ್ಕ ತಪ್ಪಿದವರ ಮುಖ ಅದು.

“ಕೋಣೀ ಲಿಹೂನ್ ದಿಲಂ?” — ಯಾರು ಬರೆದುಕೊಟ್ಟರು ಎಂದು ಅವರು ನಿಮ್ಮನ್ನು ಮೂರು ಸಲ ಕೇಳಿದರು. ಮೂರನೆಯ ಸಲ ನೀವು ಎದ್ದು ನಿಂತು, “ತೇ ಮೀ ಸಾಂಗಣಾರ್ ನಾಹೀ” ಎಂದಿರಿ. ಅದನ್ನು ನಾನು ಹೇಳುವುದಿಲ್ಲ ಎಂದರ್ಥ. ಕುಳಿತಿರಿ. ನಾನು ನನ್ನ ಪುಸ್ತಕದಲ್ಲಿ ಅದನ್ನು ಬರೆದುಕೊಂಡೆ. ಅದೇ ಕೈಯಲ್ಲಿ, ಅದೇ ಅಕ್ಷರದಲ್ಲಿ.

ಮರುದಿನ ನನ್ನ ಪತ್ರಿಕೆಯಲ್ಲಿ ಬಂದ ಸುದ್ದಿಯ ಕೊನೆಯ ವಾಕ್ಯ ಹೀಗಿತ್ತು: ‘ಹಾಳೆಯನ್ನು ಬರೆದುಕೊಟ್ಟವರು ಯಾರೆಂಬ ಪ್ರಶ್ನೆಗೆ ಸದಸ್ಯೆ ಉತ್ತರಿಸಲಿಲ್ಲ.’ ಆ ಸುದ್ದಿಯಲ್ಲಿ ಒಂದೂ ಸುಳ್ಳು ವಾಕ್ಯವಿರಲಿಲ್ಲ. ಮರಾಠಿ ಪತ್ರಿಕೆಗಳು ಬರೆದದ್ದನ್ನು ನಿಮ್ಮ ಚಾಳಿನ ನಮ್ಮವರು ಹೆಚ್ಚಾಗಿ ಓದಲಿಲ್ಲ. ನಾನು ಬರೆದದ್ದನ್ನು ಓದಿದರು. ಊಟಕ್ಕೆ ಬರುವವರೇ ತಟ್ಟೆಯ ಮುಂದೆ ಕುಳಿತು, “ಯಾರ ಬರದ ಕೊಡ್ತಿದ್ರ ಅಕ್ಕಾ, ಎಷ್ಟ ಕೊಡ್ತಿದ್ದ ಆಂವಾ?” ಎಂದು ನಗಾಡಿದರಂತೆ.

ಎರಡು ದಿನ ಬಿಟ್ಟು ನಿಮ್ಮ ಫೋನು ಬಂತು. ಡೊಂಬಿವಿಲಿ ಸ್ಟೇಷನ್ನಿನ ಸೇತುವೆಯ ಮೇಲೆ ಜನರ ನಡುವೆ ಗೋಡೆಗೆ ಒರಗಿ ನಿಂತು ಕೇಳಿದೆ.

“ತಮ್ಮಾ, ಪಾರ್ಟಿಯವರು ಸೋಮವಾರದ ತನಕಾ ಕಾಯ್ತೀವಿ ಅಂದಾರ. ಕಂತ್ರಾಟುದಾರ ಅಲ್ಲ ಅಂತ ಗೊತ್ತಾದ್ರ ಸಾಕಂತ. ನಿನ್ನ ಹೆಸರ ನಾ ಹೇಳಂಗಿಲ್ಲ, ಮಕ್ಕಳೊಂದಿಗ ಇದ್ದಾಂವ ನೀ. ನೀನಾಗಿ ಹೇಳೂದಿದ್ರ ಹೇಳು.”

“ನೋಡೋಣ ಅಕ್ಕ” ಎಂದೆ.

ಸೋಮವಾರ ಕಳೆಯಿತು. ಪಕ್ಷದ ಕೋಣೆಯಲ್ಲಿ, ಸಭಾಪತಿಯಾದವರಿಗೆ ಓದಿ ಸಹಿ ಮಾಡಲು ಬರಬೇಕು ಎಂದು ತೀರ್ಮಾನವಾಯಿತು. ಎಲ್ಲಿಯೂ ಬರೆಯದ ನಿಯಮ. ನಿಮ್ಮೊಬ್ಬರಿಗಾಗಿ ಹುಟ್ಟಿ, ನಿಮ್ಮನ್ನು ಹೊರಗಿಟ್ಟ ಮೇಲೆ ಯಾರಿಗೂ ನೆನಪಾಗಲಿಲ್ಲ. ಜನರ ಭಾಷೆ ಗೊತ್ತಿರಬೇಕು ಎಂದು ಜನಪ್ರತಿನಿಧಿಯನ್ನು ಕೇಳುವುದು ಅನ್ಯಾಯ ಎಂದು ನಾನು ಆಗಲೂ ಅನ್ನಲಿಲ್ಲ, ಈಗಲೂ ಅನ್ನುವುದಿಲ್ಲ. ನಿಮಗೆ ಆ ಭಾಷೆ ಗೊತ್ತಿತ್ತು. ಗೊತ್ತಿತ್ತು ಎಂಬುದಕ್ಕೆ ಸಾಕ್ಷಿಯಾದ ಹಾಳೆ ಅಂದು ನನ್ನ ಕೈಯಲ್ಲಿತ್ತು. ಶೌಚಾಲಯದ ವಿಷಯ ಮುಂದಿನ ಸಭೆಯಲ್ಲಿ ಚರ್ಚೆಯಿಲ್ಲದೆ ಮಂಜೂರಾಯಿತು — ಬಾಗಿಲು ಹಾಕಿದ್ದಾರೆ ಎಂದೇ.

ಇನ್ನೂ ಒಂದು ಇದೆ. ಇದನ್ನು ಬಿಟ್ಟುಬಿಡೋಣ ಎಂದು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ. ಆ ಭಾನುವಾರ ನಾನು ಭಾಷೆಯ ಹೆಸರಿನಲ್ಲಿ ಒಬ್ಬ ಕನ್ನಡಿತಿಗಾದ ಅವಮಾನ ಎಂದು ಉದ್ದನೆಯ ಲೇಖನ ಬರೆದೆ. ಜಿಲೇಬಿ ಎಂದವರನ್ನು ಕಟುವಾಗಿ ಖಂಡಿಸಿದೆ. ವಾಶಿಯ ಒಂದು ಸಭೆಯಲ್ಲಿ ಅದಕ್ಕಾಗಿ ನನಗೆ ಶಾಲು ಹೊದಿಸಿದರು. ಬೆಂಗಳೂರಿನಿಂದ ಬಂದು ನೆಲೆಸಿದ ಗೃಹಸ್ಥರೊಬ್ಬರು ಕೈಕುಲುಕಿ, “ನಿಮ್ಮಂಥೋರು ಇರೋದ್ರಿಂದ ನಮಗೆ ಧೈರ್ಯ ಸಾರ್” ಎಂದರು. ನಾನು ಶಾಲನ್ನು ಮಡಚಿಕೊಂಡು ಮನೆಗೆ ತಂದೆ.

ನೀವು ಖಾನಾವಳಿ ಮುಚ್ಚಿ ಕಳಂಬೋಲಿಗೆ, ಕಬ್ಬಿಣದ ಗೋದಾಮಿನಲ್ಲಿ ಕೆಲಸ ಮಾಡುವ ಮಗನ ಮನೆಗೆ ಹೋದಿರಿ. ನಾನು ನಿವೃತ್ತನಾಗಿ ವಿಳಾಸ ಹುಡುಕಿಕೊಂಡು ಬಂದದ್ದು ಕಳೆದ ತಿಂಗಳು. ಮಗ ಬಾಗಿಲು ತೆರೆದು ಒಳಗೆ ನೋಡಿ, “ಆಯೀ, ಕೋಣೀತರೀ ಆಲಂಯ್” ಎಂದ. ಅಮ್ಮಾ, ಯಾರೋ ಬಂದಿದ್ದಾರೆ ಎಂದು. ನೀವು ಗುರುತಿಸಿದಿರಿ. ಚಹಾ ಕೊಟ್ಟಿರಿ. ನಾನು ಹೇಳಬೇಕೆಂದು ಬಂದದ್ದನ್ನು ಹೇಳದೆ ಮಳೆ, ಮಂಡಿನೋವು ಎಂದು ಏನೇನೋ ಮಾತಾಡಿದೆ. ನೀವು ಕಪಾಟಿನಿಂದ ವಿದ್ಯುತ್ ಕಚೇರಿಯ ಒಂದು ಮರಾಠಿ ನೋಟಿಸು ತಂದು ನನ್ನ ಮುಂದಿಟ್ಟಿರಿ.

“ಇದ ಏನೈತಿ ನೋಡ್ರಿ. ಅಕ್ಷರ ತಿಳೀತಾವಲ್ಲ ನಿಮಗ?”

ಒಂಬತ್ತು ವರ್ಷದ ಹಿಂದೆ ‘ನೀ’ ಎನ್ನುತ್ತಿದ್ದವರು. ನಾನು ನೋಟಿಸು ಓದಿ ಹೇಳಿದೆ. ಮೀಟರ್ ಬದಲಿಸುವ ವಿಷಯ. “ಆತ್ರಿ” ಎಂದು ಅದನ್ನು ಮಡಚಿ ಎತ್ತಿಟ್ಟಿರಿ. ಬಾಗಿಲವರೆಗೆ ಬರಲಿಲ್ಲ.

ಈಗ ಇದನ್ನು ಹೇಳುವುದರಿಂದ ನಾನು ಕಳೆದುಕೊಳ್ಳುವುದು ಏನೂ ಇಲ್ಲ. ನೌಕರಿ ಇಲ್ಲ, ಪತ್ರಿಕೆಯೇ ಇಲ್ಲ. ಹೇಳಬೇಕಾಗಿದ್ದದ್ದು ಬೆಲೆ ಇದ್ದಾಗ. ಅದು ನನಗೆ ಗೊತ್ತು, ಆದ್ದರಿಂದ ಕ್ಷಮೆ ಕೇಳುತ್ತಿಲ್ಲ. ತಪ್ಪು ಅಚ್ಚಾದರೆ ಅದೇ ಜಾಗದಲ್ಲಿ ತಿದ್ದುಪಡಿ ಹಾಕಬೇಕು ಎಂದು ಕಲಿತವನು ನಾನು. ಆ ಜಾಗ ಈಗ ಉಳಿದಿಲ್ಲ. ಇಲ್ಲಿಯೇ ಹಾಕುತ್ತೇನೆ. ‘ಯಾರೆಂಬ ಪ್ರಶ್ನೆಗೆ ಸದಸ್ಯೆ ಉತ್ತರಿಸಲಿಲ್ಲ’ ಎಂದು ಪ್ರಕಟವಾಗಿತ್ತು. ‘ಉತ್ತರಿಸಬೇಕಾಗಿದ್ದವನು ಪತ್ರಕರ್ತರ ಸಾಲಿನಲ್ಲಿ ಕುಳಿತು ಸುಳ್ಳು ಹೇಳಿದ’ ಎಂದು ಓದಿಕೊಳ್ಳಬೇಕು.

ಇದನ್ನೇ ಮರಾಠಿಯಲ್ಲಿ ಬರೆದು, ಸಹಿ ಮಾಡಿ, ನಾಳೆ ಪಾಲಿಕೆಯ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯುತ್ತೇನೆ. ಅವರು ಏನು ಮಾಡುತ್ತಾರೋ ತಿಳಿಯದು. ಬಹುಶಃ ಏನೂ ಮಾಡುವುದಿಲ್ಲ. ಆ ಕನ್ನಡ ಹಾಳೆ ಯಾವುದಾದರೂ ಹಳೆಯ ಫೈಲಿನಲ್ಲಿ ಉಳಿದಿದ್ದರೆ ಹೋಲಿಸಿ ನೋಡಲಿ ಎಂದು ಜೊತೆಗೆ ನನ್ನ ಕೈಬರಹದ ಒಂದು ಪುಟ ಲಗತ್ತಿಸುತ್ತೇನೆ. ನಿಮಗೆ ಕಳಿಸುತ್ತಿರುವುದು ಈ ಪ್ರತಿ. ಅದೇ ಬಿಳಿ ಹಾಳೆಯಲ್ಲಿ, ಅದೇ ಕೈಯಲ್ಲಿ ಬರೆದದ್ದು. ಇದನ್ನು ಓದಿ ಹೇಳಲು ನಿಮಗೆ ಯಾರೂ ಬೇಕಾಗಿಲ್ಲ.

ಅಂದೂ ಅಕ್ಷರ ತಿಳಿಯುತ್ತಿತ್ತು, ಅಕ್ಕ.