ತಳದಲ್ಲಿ ಕಲ್ಲಿರುತ್ತೆ

ರಾಮಕೃಷ್ಣನಗರದ ನಮ್ಮ ಶಾಲೆಯ ಭೂಗೋಳದ ಮೇಡಂ ಹಿಮನದಿಯ ಪಾಠ ಮಾಡುವಾಗೆಲ್ಲ ಮುಷ್ಟಿಯನ್ನು ಡೆಸ್ಕಿಗೆ ಒತ್ತಿ ಎಳೆಯುತ್ತ, "ಐಸು ತಾನೇ ಅಂತ ಹಗುರವಾಗಿ ನೋಡ್ಬೇಡಿ ಕಣ್ರೋ, ತಳದಲ್ಲಿ ಕಲ್ಲಿರುತ್ತೆ" ಎನ್ನುತ್ತಿದ್ದರು.

ಒಮ್ಮೆ ಹೆಡ್ಮಾಸ್ಟರು ತರಗತಿಗೇ ಬಂದು, "ಚಾಮುಂಡಿ ಬೆಟ್ಟದಲ್ಲಿ ಎಲ್ರೀ ಇದೆ ಹಿಮ? ಪರೀಕ್ಷೆಗೂ ಬರಲ್ಲ. ಆ ಪಾಠ ಬಿಟ್ಬುಡಿ ಮೇಡಂ" ಎಂದರು.

ಮರುದಿನ ಮೇಡಂ ಟಿಫಿನ್ ಡಬ್ಬಿಯಲ್ಲಿ ಜಲ್ಲಿಕಲ್ಲು ಹಾಕಿ ಹೆಪ್ಪುಗಟ್ಟಿಸಿದ ಮಂಜುಗಡ್ಡೆ ತಂದರು. ನಮ್ಮನ್ನೆಲ್ಲ ಹೆಡ್ಮಾಸ್ಟರ ಕೋಣೆಗೆ ಕರೆದೊಯ್ದು, ಆಯುಧಪೂಜೆಗೆಂದು ಪಾಲಿಶ್ ಹಾಕಿಸಿದ್ದ ಅವರ ಮೇಜಿನ ಮೇಲೆ ಅದನ್ನು ಒತ್ತಿ ಎಳೆದರು. ಕರಗಿದ ನೀರನ್ನು ಸೆರಗಿನಿಂದ ಒರೆಸಿ, "ನೋಡಿ ಸಾರ್, ಕಣಿವೆ ಹಿಂಗೇ ಆಗೋದು" ಎಂದರು.

ಆ ವರ್ಷವೇ ಅವರನ್ನು ಕೆಲಸದಿಂದ ತೆಗೆದರು. ಮೊನ್ನೆ ಮಗಳನ್ನು ಅದೇ ಶಾಲೆಗೆ ಸೇರಿಸಲು ಹೋದಾಗ ಆ ಮೇಜನ್ನು ಕಂಡೆ. ಪಾಲಿಶ್ ಹೊಳೆದಷ್ಟೂ ಗೀರುಗಳು ಎದ್ದು ಕಾಣುತ್ತಿದ್ದವು.